ನನ್ನ ಅತ್ತಿಗೆ ಹೊಸ ತಳಿಯನ್ನು ತಂದವಳಲ್ಲ

ಆರೋಗ್ಯ ಇಲಾಖೆಯ ಮಾನ್ಯ ಆಯುಕ್ತರೇ,

‘ಮಾನ್ಯ’ ಎಂಬ ಪದವನ್ನು ಪತ್ರದ ರೂಢಿಗಾಗಿ ಬಳಸಿದ್ದೇನೆ, ಅದರಲ್ಲಿ ಬೇರೆ ಅರ್ಥ ಹುಡುಕಿ ಸಂತೋಷಪಡಬೇಡಿ. ವಿಷಯಕ್ಕೆ ನೇರವಾಗಿ ಬರುತ್ತೇನೆ. ವೈರಸ್ಸಿನ ಹೊಸ ತಳಿಯನ್ನು ಈ ಊರಿಗೆ ತಂದವಳು ನನ್ನ ಅತ್ತಿಗೆ ಎಂದು ನೀವು ಪತ್ರಿಕಾಗೋಷ್ಠಿ ಕರೆದು ಸಾರಿದಿರಿ. ಅದು ಸುಳ್ಳು. ಸುಳ್ಳೆಂದು ಈಗ ನಿಮಗೂ ಗೊತ್ತಿದೆ. ಗೊತ್ತಾದ ಮೇಲೂ ಬಾಯಲ್ಲಿ ನೀರು ತುಂಬಿಕೊಂಡವರ ಹಾಗೆ ಕೂತಿದ್ದೀರಿ. ಹಾಗಾಗಿ ಬಾಯಿ ಬಿಡುವ ಕೆಲಸವನ್ನು ನಾನು ಮಾಡಬೇಕಾಗಿ ಬಂದಿದೆ.

ನಾನು ಡ್ರೈವಿಂಗ್ ಸ್ಕೂಲ್ ನಡೆಸುವವಳು. ಗಾಬರಿಬಿದ್ದವರು ಆಕ್ಸಿಲರೇಟರನ್ನೇ ಬ್ರೇಕ್ ಎಂದುಕೊಂಡು ತುಳಿಯುವುದನ್ನು ದಿನಾ ನೋಡುತ್ತೇನೆ. ದಡ್ಡತನ ಕಂಡರೆ ನನಗೆ ಸಿಟ್ಟು ಬರುವುದಿಲ್ಲ. ಬಂದಿದ್ದರೆ ಈ ಕಸುಬು ಬಿಟ್ಟು ಎಷ್ಟೋ ಕಾಲವಾಗಿರುತ್ತಿತ್ತು. ಯಾರಿಗೋ ಗುದ್ದಿ, ಇಳಿದು ನೋಡದೆ, ಗಾಜು ಏರಿಸಿಕೊಂಡು ಹೋಗುವವರನ್ನು ಕಂಡರೆ ಮಾತ್ರ ಹೇಸಿಗೆಯಾಗುತ್ತದೆ. ನಿಮ್ಮನ್ನು ಯಾವ ಸಾಲಿನಲ್ಲಿ ನಿಲ್ಲಿಸಿದ್ದೇನೆ ಎಂದು ಬಿಡಿಸಿ ಹೇಳಬೇಕಾಗಿಲ್ಲ ತಾನೆ?

ಇದನ್ನು ಅತ್ತಿಗೆಯ ಮೇಲಿನ ಮಮತೆಯಿಂದ ಬರೆಯುತ್ತಿದ್ದೇನೆ ಎಂದುಕೊಂಡರೆ ಅದೂ ತಪ್ಪು. ಅತ್ತಿಗೆ ನಾದಿನಿಯರ ನಡುವೆ ಎಷ್ಟು ಮಮತೆ ಇರುತ್ತದೋ ನಮ್ಮ ನಡುವೆಯೂ ಅಷ್ಟೇ. ನನ್ನ ಅಣ್ಣನನ್ನು ಮದುವೆಯಾಗುವ ಮೊದಲು ಆಕೆ ನನ್ನ ಜೊತೆ ಒಂದೇ ಬೆಂಚಿನಲ್ಲಿ ಕೂತು ಓದಿದವಳು. ನನಗಿಂತ ಹೆಚ್ಚು ಅಂಕ ತೆಗೆದಳು, ನನಗಿಂತ ನೆಟ್ಟಗೆ ಜಡೆ ಹೆಣೆದಳು, ಕೊನೆಗೆ ನಮ್ಮ ಮನೆಗೇ ಬಂದು ನಮ್ಮಮ್ಮನ ಬಾಯಲ್ಲಿ ‘ಬಂಗಾರ’ ಅನ್ನಿಸಿಕೊಂಡಳು. ಇಂಥವಳನ್ನು ಪ್ರೀತಿಸುವುದು ಸುಲಭವೇ? ಆದರೆ ಒಂದು ಮಾತು. ರಸ್ತೆಯಲ್ಲಿ ಒಂದೇ ಒಂದು ಗಾಡಿ ಇಲ್ಲದಾಗಲೂ ಸಿಗ್ನಲ್ ಕೆಂಪಿದೆ ಎಂದು ನಿಲ್ಲುವ ಪಾದಚಾರಿ ನಮ್ಮ ಊರಿನಲ್ಲಿ ಯಾರಾದರೂ ಇದ್ದರೆ ಅದು ಆಕೆ. ಅಂಥವಳನ್ನು ಹುಡುಕಿ ‘ಬೇಜವಾಬ್ದಾರಿ’ ಎಂದು ಕರೆಯಲು ನಿಮಗೆ ಹೇಗೆ ಸಾಧ್ಯವಾಯಿತು? ಅಷ್ಟರ ಮಟ್ಟಿಗೆ ಗುರಿ ತಪ್ಪುವುದಕ್ಕೂ ಒಂದು ಪ್ರತಿಭೆ ಬೇಕು.

ನಡೆದದ್ದು ಹೀಗೆ. ಆಕೆಗೆ ಪರದೇಶದಲ್ಲಿ ಒಬ್ಬ ತಂಗಿ. ಚೊಚ್ಚಲ ಹೆರಿಗೆ, ಸ್ವಲ್ಪ ಕಷ್ಟದ್ದು. ಅಮ್ಮ ಇಲ್ಲದ ಮಕ್ಕಳು, ಅಕ್ಕ ಹೋಗದೆ ಇನ್ಯಾರು ಹೋಗಬೇಕು? ತನ್ನ ಅಪ್ಪನಿಂದ ಬಂದ ಬೇಕರಿಯನ್ನು ನಮ್ಮಣ್ಣನ ಕೈಗೊಪ್ಪಿಸಿ ಹೋದಳು. ಆ ಬೇಕರಿಯಲ್ಲಿ ಕೆಲಸ ಅವಳದು, ಮಾತು ಅವನದು. ಅವಳಿಲ್ಲದ ವಾರಗಳಲ್ಲಿ ಬ್ರೆಡ್ಡಿನ ಅಡಿ ಕರಿಯಾಗಿದ್ದನ್ನೂ ಅವನು ಮಾತಿನಲ್ಲೇ ಬಿಳಿ ಮಾಡಿ ಮಾರಿದ. ತಂಗಿ ಮಗು ಇಬ್ಬರೂ ಚೇತರಿಸಿಕೊಂಡ ಮೇಲೆ ಅತ್ತಿಗೆ ವಾಪಸು ಬಂದಳು. ವಿಮಾನ ಇಳಿಯುವಾಗಲೇ ಗಂಟಲು ಕೆರೆಯುತ್ತಿತ್ತಂತೆ. ಕರೆತರಲು ನಾನೂ ಅಣ್ಣನೂ ಹೋಗಿದ್ದೆವು. ನಮ್ಮನ್ನು ಮಾರು ದೂರ ನಿಲ್ಲಿಸಿ, ಮಾಸ್ಕಿನ ಹಿಂದಿನಿಂದ ಮಾತಾಡಿದಳು.

“ಏಸಿ ಗಾಳಿ ಕಣೇ. ಬಿಸಿನೀರು ಕುಡಿದು ಮಲಕ್ಕೋ, ಬೆಳಿಗ್ಗೆ ಸರಿಹೋಗುತ್ತೆ,” ಎಂದ ಅಣ್ಣ.

“ನಾಲ್ಕು ಜನ ತಿನ್ನೋದನ್ನ ಮುಟ್ಟೋ ಕೈ ಇದು. ಪರೀಕ್ಷೆ ಮಾಡಿಸ್ಕೊಂಡೇ ಮನೆಗೆ ಬರೋದು ನಾನು. ನೀವು ಬೇರೆ ಗಾಡೀಲಿ ಹೋಗಿ,” ಎಂದು ಸೂಟ್‌ಕೇಸ್ ಎಳೆದುಕೊಂಡು ಒಬ್ಬಳೇ ನಿಮ್ಮ ಪರೀಕ್ಷಾ ಕೇಂದ್ರಕ್ಕೆ ಹೋದಳು.

ಆ ಕೇಂದ್ರದಲ್ಲಿ ಏನಾಯಿತು ಎಂದು ನಿಮಗೆ ತಿಳಿದಿರಲಿಕ್ಕಿಲ್ಲ. ಅಷ್ಟು ಹೊತ್ತಿಗೆ ನೀವು ಸಾಂಕ್ರಾಮಿಕದ ಮೇಲೆ ವಿಜಯ ಸಾಧಿಸಿ, ಹಾರ ಹಾಕಿಸಿಕೊಂಡು, ಭಾಷಣ ಮಾಡಿ ಮುಗಿಸಿದ್ದಿರಿ. ಕೇಂದ್ರದ ಅರ್ಧ ಬಾಗಿಲು ಮುಚ್ಚಿತ್ತು. ಒಳಗೆ ಕೂತಿದ್ದ ಸಿಬ್ಬಂದಿ ಆಕೆಯನ್ನು ನೋಡಿ ಬೆಚ್ಚಿಬಿದ್ದು ಕೇಳಿದ್ದು ಒಂದೇ ಪ್ರಶ್ನೆ: “ಯಾಕಮ್ಮಾ, ಯಾರಾದ್ರೂ ಕಂಪ್ಲೇಂಟ್ ಕೊಟ್ಟಿದಾರಾ?” ತಾನಾಗಿಯೇ ಪರೀಕ್ಷೆಗೆ ಬರುವ ಪ್ರಾಣಿಯೊಂದು ಲೋಕದಲ್ಲಿ ಉಳಿದಿದೆ ಎಂದು ಅವರಿಗೆ ನಂಬಲಾಗಲಿಲ್ಲ. ಮೂಗಿಗೆ ಕಡ್ಡಿ ಹಾಕಿಸಿಕೊಂಡು ಬಂದ ಅತ್ತಿಗೆ ಬೇಕರಿಯ ಹೊಸ್ತಿಲನ್ನೂ ತುಳಿಯದೆ, ಹೊರಗಿನ ಮೆಟ್ಟಿಲು ಹತ್ತಿ, ಮಹಡಿಯ ಕೋಣೆ ಸೇರಿ ಚಿಲಕ ಹಾಕಿಕೊಂಡಳು. ಫಲಿತಾಂಶ ಬರುವ ಮೊದಲೇ. ಯಾರೂ ಹೇಳದೆಯೇ.

ಫಲಿತಾಂಶದಲ್ಲಿ ಹೊಸ ತಳಿ ಕಂಡಿತು, ಆಮೇಲೆ ನಿಮ್ಮ ಪತ್ರಿಕಾಗೋಷ್ಠಿ ನಡೆಯಿತು. ಆಗ ನಾನು ಪಾಠದಲ್ಲಿದ್ದೆ. ಸ್ಟಿಯರಿಂಗ್ ಹಿಂದೆ ಒಬ್ಬ ಬ್ಯಾಂಕ್ ಕ್ಯಾಷಿಯರ್, ಬಹಳ ಮೃದು ಮನುಷ್ಯ, ನಾಯಿ ಅಡ್ಡ ಬಂದರೆ ನಾಯಿಗೇ ನಮಸ್ಕಾರ ಮಾಡುವಂಥವರು. ಧೈರ್ಯಕ್ಕೆಂದು ಅವರು ರೇಡಿಯೋ ಹಾಕಿಕೊಳ್ಳುತ್ತಿದ್ದರು. ಅದರಲ್ಲಿ ನಿಮ್ಮ ದನಿ ಬಂತು. “ವಿದೇಶದಿಂದ ಮರಳಿದ, ಹಳೇ ಸಿನಿಮಾ ಮಂದಿರದ ಹಿಂದಿನ ಬೀದಿಯಲ್ಲಿ ಬೇಕರಿ ನಡೆಸುತ್ತಿರುವ ಮಹಿಳೆಯೊಬ್ಬರು ಈ ಹೊಸ ತಳಿಯನ್ನು ನಮ್ಮ ಊರಿಗೆ ತಂದಿದ್ದಾರೆ. ಒಬ್ಬರ ಬೇಜವಾಬ್ದಾರಿಗೆ ಇಡೀ ಊರು ದಂಡ ತೆರಬೇಕಾಗಿದೆ.”

ಆ ಬೀದಿಯಲ್ಲಿರುವುದು ಒಂದೇ ಬೇಕರಿ.

ಕ್ಯಾಷಿಯರ್ ಕಾರನ್ನು ನಿಲ್ಲಿಸಿದರು. ಕ್ಲಚ್ ತುಳಿದು, ಮೆಲ್ಲಗೆ ಬ್ರೇಕ್ ಒತ್ತಿ, ಗೇರ್ ತೆಗೆದು, ಕೈಬ್ರೇಕ್ ಎಳೆದು. ಅಷ್ಟು ಚೆನ್ನಾಗಿ ಅವರು ಗಾಡಿ ನಿಲ್ಲಿಸಿದ್ದು ಅದೇ ಮೊದಲು.

“ಅದು... ನಿಮ್ಮ ಅತ್ತಿಗೇರ ಬೇಕರಿ ಅಲ್ವಾ ಮೇಡಂ?”

“ಹೌದು.”

“ನಮ್ಮನೇಲಿ ಚಿಕ್ಕ ಮಗು ಇದೆ ಮೇಡಂ,” ಎಂದರು. ಬಾಗಿಲು ತೆರೆದರು. ನಡು ರಸ್ತೆಯಲ್ಲಿ ಇಳಿದು, ಕೈಯನ್ನು ಪ್ಯಾಂಟಿಗೆ ಒರೆಸಿಕೊಳ್ಳುತ್ತಾ, ತಿರುಗಿ ನೋಡದೆ ನಡೆದು ಹೋದರು. ಹಿಂದಿನ ಗಾಡಿಗಳು ಹಾರ್ನ್ ಹೊಡೆಯತೊಡಗಿದವು. ನಾನು ಪಕ್ಕದ ಸೀಟಿನಲ್ಲಿ ಕೂತೇ ಇದ್ದೆ. ಕ್ಯಾಷಿಯರ್ ಮೇಲೆ ನನಗೆ ಕೋಪವಿಲ್ಲ. ಮಗುವಿರುವ ಮನುಷ್ಯ, ಹೆದರಿದರು. ಆದರೆ ಆ ಮೃದು ಮನುಷ್ಯನ ಕಣ್ಣಿನಲ್ಲಿ ನಾನು ಕಂಡದ್ದನ್ನು ಊರೆಲ್ಲ ಹಂಚಿದವರು ಯಾರು?

ಮರುದಿನ ನಿಮ್ಮ ಸೇನೆ ಬಂತು. ತಲೆಯಿಂದ ಕಾಲಿನವರೆಗೆ ಬಿಳಿ ಉಡುಪು, ಬೆನ್ನಿಗೆ ಔಷಧಿಯ ಡಬ್ಬ, ಮುಂದೆ ಕ್ಯಾಮೆರಾ. ರೋಗಿ ಮಹಡಿಯಲ್ಲಿದ್ದಾಳೆ, ಬೇಕರಿಗೆ ಕಾಲೇ ಇಟ್ಟಿಲ್ಲ ಎಂದು ಅಣ್ಣ ಗಂಟಲು ಹರಿದುಕೊಂಡ. “ಮೇಲಿನವರ ಆದೇಶ ಸಾರ್, ನಾವೇನ್ಮಾಡೋಣ?” ಎಂದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ನೀವು ಒಂದು ಹೆಜ್ಜೆ ಮುಂದೆ ಹೋದಿರಿ. ಒಲೆಗೆ ಔಷಧಿ ಹೊಡೆದಿರಿ, ಹಲಗೆಗಳಿಗೆ ಹೊಡೆದಿರಿ, ಬಾಯಿ ಕಟ್ಟಿದ ಮೈದಾ ಚೀಲಗಳಿಗೆ ಹೊಡೆದಿರಿ. ಒಳಗಿನ ಕಪಾಟಿನಲ್ಲಿ ಒಂದು ಪಿಂಗಾಣಿ ಜಾಡಿ ಇತ್ತು. ಅದರಲ್ಲಿ ಅವಳ ಅಪ್ಪನ ಕಾಲದಿಂದ ದಿನಾ ಹಿಟ್ಟು ನೀರು ಉಣ್ಣಿಸಿ ಸಾಕಿಕೊಂಡು ಬಂದ ಹುದುಗು. ಬ್ರೆಡ್ಡು ಉಬ್ಬುವುದು ಅದರಿಂದ. ಅದಕ್ಕೂ ಔಷಧಿ ಬಿತ್ತು. ಆ ಕಾರ್ಯಾಚರಣೆಯಲ್ಲಿ ನಿಮ್ಮ ಇಲಾಖೆ ಕೊಂದ ಒಂದೇ ಒಂದು ಜೀವ ಅದು, ವೈರಸ್ಸಂತೂ ಅಲ್ಲಿರಲಿಲ್ಲ. ಅತ್ತಿಗೆ ಮಹಡಿಯ ಕಿಟಕಿಯಿಂದ ನೋಡುತ್ತಿದ್ದಳು. “ಜಾಡೀನಾದ್ರೂ ಬಿಡಿ ಅಣ್ಣಾ,” ಎಂದು ಕೂಗಿದ್ದು ಕ್ಯಾಮೆರಾದಲ್ಲೂ ದಾಖಲಾಗಿದೆ. ಟೀವಿಯಲ್ಲಿ ಆ ಭಾಗಕ್ಕೆ ಸಂಗೀತ ಹಾಕಿದ್ದರು.

ಅಲ್ಲಿಂದ ಮುಂದೆ ನಡೆದದ್ದಕ್ಕೆ ನಿಮ್ಮ ಆದೇಶ ಬೇಕಾಗಲಿಲ್ಲ. ಬೇಕರಿಯ ಗಾಜು ಒಡೆಯಿತು. ಹಾಲಿನವರು ಬೀದಿಯ ತುದಿಯಲ್ಲೇ ಹಾಲಿಟ್ಟು ಹೋದರು. ವಿಜ್ಞಾನಿಗಳು ಆ ತಳಿಗೆ ಅಕ್ಷರ ಅಂಕಿ ಜೋಡಿಸಿ ಏನೋ ಹೆಸರಿಟ್ಟಿದ್ದರಂತೆ. ಊರು ಅದನ್ನು ಕರೆದದ್ದು ‘ಬೇಕರಿ ವೈರಸ್’ ಎಂದು. ನಿಮ್ಮ ಇಲಾಖೆಯ ಗುಮಾಸ್ತರೊಬ್ಬರು ಫೋನಿನಲ್ಲಿ ನನ್ನೊಂದಿಗೇ ಆ ಹೆಸರು ಬಳಸಿದರು, ನಾನು ಯಾರೆಂದು ಕೇಳದೆ.

ಇಷ್ಟನ್ನೆಲ್ಲ ನಾವು ತಡೆದುಕೊಂಡೆವು. ಗಾಜಿಗೆ ಗಾಜು ಹಾಕಿಸಬಹುದು. ತಡೆದುಕೊಳ್ಳಲಾಗದ್ದು ಆಮೇಲೆ ಬಂತು.

ಬೇಕರಿಯ ಎದುರು ಗಡಿಯಾರ ರಿಪೇರಿ ಅಂಗಡಿ ಇದೆ. ಅದರ ಯಜಮಾನರನ್ನು ಬೀದಿಯವರೆಲ್ಲ ‘ಟಿಕ್‌ಟಿಕ್ ಮಾಮ’ ಎನ್ನುತ್ತಿದ್ದೆವು. ಬೆಳಿಗ್ಗೆ ಅಂಗಡಿ ತೆರೆಯುವ ಮುನ್ನ ಅತ್ತಿಗೆಯ ಒಲೆಯ ಮೊದಲ ಬನ್ನು ಅವರಿಗೆ ಹೋಗಬೇಕು. ಇವಳು ಹುಟ್ಟುವ ಮೊದಲಿಂದ, ಇವಳ ಅಪ್ಪನ ಕಾಲದಿಂದ ನಡೆದು ಬಂದ ಲೆಕ್ಕ ಅದು. ಅತ್ತಿಗೆ ಪರದೇಶದಲ್ಲಿದ್ದಾಗ ಮಾಮ ಕಣ್ಣಿನ ಆಪರೇಷನ್ ಮಾಡಿಸಿಕೊಂಡಿದ್ದರು. ಪೊರೆ ತೆಗೆದ ಮೇಲೆ ಆಸ್ಪತ್ರೆಯವರು ವಾರ್ಡಿನಲ್ಲಿ ಸ್ವಲ್ಪ ದಿನ ಇಟ್ಟುಕೊಂಡು ಕಳಿಸಿದ್ದರು. ಮನೆಗೆ ಬಂದು, ಕಪ್ಪು ಕನ್ನಡಕದಲ್ಲಿ ಸಿನಿಮಾ ನಟನ ಹಾಗೆ ಮೆರೆಯುತ್ತಿದ್ದವರು ಇದ್ದಕ್ಕಿದ್ದಂತೆ ಜ್ವರ ಹಿಡಿದು ಮಲಗಿದರು. ನಿಮ್ಮ ಪತ್ರಿಕಾಗೋಷ್ಠಿಯ ಹಿಂದೆ ಮುಂದೆಯೇ ಇದೆಲ್ಲ. ಉಸಿರು ಕಟ್ಟಿತು. ಆಸ್ಪತ್ರೆಗೆ ಸೇರಿಸಿದರು. ಅಲ್ಲಿಂದ ಬರಲಿಲ್ಲ.

ಅವರ ಮಗಳು ಬ್ಯೂಟಿ ಪಾರ್ಲರ್ ನಡೆಸುವಾಕೆ. ಅಪ್ಪನನ್ನು ಕಳಿಸಿ ಬಂದ ಸಂಜೆ ನಮ್ಮ ಮೆಟ್ಟಿಲ ಕೆಳಗೆ ಬಂದು ನಿಂತಳು. ಬೀದಿಯ ಕಿಟಕಿಗಳೆಲ್ಲ ತೆರೆದವು.

“ಕೆಳಗೆ ಬಾರೇ! ನಮ್ಮಪ್ಪ ನಿನ್ನ ಅಂಗಡಿ ಬನ್ನು ತಿಂದು ಸತ್ತೋದ್ರು ಕಣೇ! ನಿನ್ನ ಮಗಳ ಹಾಗೆ ನೋಡ್ಕೊಂಡಿದ್ರಲ್ಲೇ ಅವರು! ತಂಗಿ ಮಗೂನ ನೋಡಕ್ಕೆ ಹೋಗಿ ನಮ್ಮಪ್ಪನ್ನ ತಿಂದ್ಬಿಟ್ಯಲ್ಲೇ!”

ಅತ್ತಿಗೆ ಕಿಟಕಿಯಲ್ಲಿ ನಿಂತು ಕೊನೆಯವರೆಗೂ ಕೇಳಿಸಿಕೊಂಡಳು. ಕಿಟಕಿ ಮುಚ್ಚಲಿಲ್ಲ, ತಿರುಗಿ ಬೈಯಲಿಲ್ಲ. ನಾನಾಗಿದ್ದರೆ ಕೈಗೆ ಸಿಕ್ಕಿದ್ದನ್ನು ಎಸೆಯುತ್ತಿದ್ದೆ. ಮಗಳು ಅತ್ತು ಸೋತು ಹೋದ ಮೇಲೆ ಒಳಗಿನಿಂದ ಸಣ್ಣ ದನಿ ಬಂತು. “ಮಾಮ ಹೋಗೋವಾಗ ತುಂಬಾ ಕಷ್ಟ ಆಯ್ತಂತಾ?”

ಅಂದಿನಿಂದ ಆಕೆಗೆ ಒಂದು ರೋಗ ಹತ್ತಿತು. ನಿಮ್ಮ ತಳಿಯಲ್ಲ, ಅದು ಕೆಮ್ಮಿ, ಸುಸ್ತು ಮಾಡಿ, ಬಿಟ್ಟುಹೋಯಿತು. ಇದು ಬೇರೆ. ಊರಿನಲ್ಲಿ ಯಾರು ಸತ್ತರೂ ಅದು ತನ್ನ ಪಾಲಿನದು ಎಂದು ಜೋಡಿಸಿಕೊಳ್ಳತೊಡಗಿದಳು. ಊಟದ ತಟ್ಟೆ ಬಾಗಿಲಿಗೆ ಇಟ್ಟರೆ ಊಟದ ಮಾತಿಲ್ಲ. “ಇವತ್ತು ಎಷ್ಟು ಜನ?” ಎಂದು ಕೇಳುವಳು. ಅಣ್ಣ ಸುಳ್ಳು ಹೇಳಿದರೆ ಫೋನಿನಲ್ಲಿ ನೋಡಿ ತಿದ್ದುವಳು. ಮೆಟ್ಟಿಲ ಮೇಲೆ ಕೂತು ಅವನು ಬಾಗಿಲಿಗೆ ಹೇಳುತ್ತಿದ್ದುದನ್ನು ನಾನು ಎಷ್ಟೋ ಸಲ ಕೇಳಿದ್ದೇನೆ.

“ನಿನ್ನಿಂದ ಅಲ್ಲ ಕಣೇ. ನೀನು ಯಾರನ್ನೂ ಮುಟ್ಟೇ ಇಲ್ಲ.”

“ನಿಮಗೇನು ಗೊತ್ತು? ಆಯುಕ್ತರೇ ಹೇಳಿದಾರಲ್ಲ. ಸುಮ್ಮಸುಮ್ಮನೆ ಹೇಳ್ತಾರಾ?”

ಓದಿಕೊಳ್ಳಿ ಆ ವಾಕ್ಯವನ್ನು. ಇನ್ನೊಮ್ಮೆ ಓದಿಕೊಳ್ಳಿ. ನಿಮ್ಮ ಮೇಲೆ ಅಷ್ಟು ಗೌರವ ಇಟ್ಟವರು ನಿಮ್ಮ ಮನೆಯಲ್ಲಾದರೂ ಇದ್ದಾರೆಯೇ?

ಆಗಲೇ ನಾನು ನಿಮ್ಮ ಕಚೇರಿಗೆ ಬಂದದ್ದು. ನೆನಪಿರಲಿಕ್ಕಿಲ್ಲ, ನೆನಪಿಸುತ್ತೇನೆ. ‘ಭಯ ಬೇಡ, ಎಚ್ಚರವಿರಲಿ’ ಎಂದು ದೊಡ್ಡದಾಗಿ ಬರೆದ ಗೋಡೆಯ ಕೆಳಗೆ, ಒಂದು ಕಾಲು ಮುರಿದ ಬೆಂಚಿನ ಮೇಲೆ, ಬೆಳಗಿನಿಂದ ಕೂತಿದ್ದೆ. ನೀವು ಸಭೆ ಮುಗಿಸಿ ಹೊರಬಂದಿರಿ. ಹಿಂದೆ ಫೈಲು ಹಿಡಿದವರು, ಮುಂದೆ ದಾರಿ ಬಿಡಿಸುವವರು. ನಾನು ಅಡ್ಡ ನಿಂತೆ.

“ಸಾರ್, ನಮ್ಮ ಅತ್ತಿಗೆ ಬಗ್ಗೆ ನೀವು ಹೇಳಿದ್ದು ಸರಿಯಿಲ್ಲ. ಅವಳಿಂದ ಬಂತು ಅನ್ನೋಕೆ ನಿಮ್ಮ ಹತ್ರ ಏನು ಆಧಾರ ಇದೆ?”

ನೀವು ನಗೆ ಮಾಡಿಕೊಂಡಿರಿ. ಸರ್ಕಾರಿ ನಗೆ, ಹಲ್ಲು ಮಾತ್ರ ಕೆಲಸ ಮಾಡುವಂಥದ್ದು. “ಅಮ್ಮಾ, ನಾವು ಯಾರ ಹೆಸರನ್ನೂ ಹೇಳಿಲ್ಲವಲ್ಲ.”

“ಬೀದಿ ಹೇಳಿದ್ರಿ, ಅಂಗಡಿ ಹೇಳಿದ್ರಿ, ಹೆಂಗಸು ಅಂದ್ರಿ. ಇನ್ನು ಹೆಸರು ಯಾಕೆ ಬೇಕು?”

“ಅದು ಸಾರ್ವಜನಿಕ ಹಿತದೃಷ್ಟಿಯಿಂದ,” ಎಂದು ಲಿಫ್ಟಿನೊಳಗೆ ಹೋದಿರಿ. ಬಾಗಿಲು ಮುಚ್ಚಿಕೊಂಡಿತು.

ಈ ಪತ್ರದಲ್ಲಿ ನಾನೂ ನಿಮ್ಮ ಹೆಸರು ಹೇಳಿಲ್ಲ, ಗಮನಿಸಿ. ಊರಿಗೆ ಒಬ್ಬರೇ ಆರೋಗ್ಯ ಆಯುಕ್ತರಿರುವುದು ನನ್ನ ತಪ್ಪಲ್ಲ. ಹೆಸರಿಲ್ಲದಿದ್ದರೆ ಯಾರಿಗೂ ನೋವಾಗುವುದಿಲ್ಲ ಎಂಬ ನಿಮ್ಮ ಸಿದ್ಧಾಂತ ನಿಮಗೂ ನೆಮ್ಮದಿ ಕೊಡಲಿ.

ಸತ್ಯ ತಿಳಿದದ್ದು ಮತ್ತೆ ನನ್ನ ಕಾರಿನಲ್ಲೇ. ಮೊದಲಿನ ವಿದ್ಯಾರ್ಥಿಗಳೆಲ್ಲ ಬಿಟ್ಟುಹೋಗಿದ್ದರು. ಆ ದಿನಗಳಲ್ಲಿ ಬಂದು ಸೇರಿದವರು ವಿಶ್ವವಿದ್ಯಾಲಯದ ಪ್ರಯೋಗಾಲಯದ ಒಬ್ಬ ವಿಜ್ಞಾನಿ, ವಯಸ್ಸಾದ ಹೆಂಗಸು. ವೈರಸ್ಸಿನ ಒಳಗಿನ ರಚನೆ ಓದಿ ಇದು ಹಳೇ ತಳಿಯೋ ಹೊಸತೋ ಎಂದು ಗುರುತಿಸುವುದು ಅವರ ಕೆಲಸ. ರಿವರ್ಸ್ ಮಾತ್ರ ಅವರಿಗೆ ಬರುತ್ತಿರಲಿಲ್ಲ. ಖಾಲಿ ಮೈದಾನದಲ್ಲಿ ಗುರುತಿಗೆಂದು ಇಟ್ಟ ಡ್ರಮ್ಮಿನ ಮೇಲೆ ಡ್ರಮ್ಮು ಕೆಡವುತ್ತಾ ಅವರು ಒಮ್ಮೆ ಗಾಡಿ ನಿಲ್ಲಿಸಿ ಕೇಳಿದರು:

“ಆ ಬೇಕರಿಯವರು ನಿಮಗೆ ಸಂಬಂಧ ಅಲ್ವಾ?”

ಇನ್ನೊಬ್ಬರು ಇಳಿದು ಹೋಗುತ್ತಾರೆ ಎಂದುಕೊಂಡೆ. “ಅತ್ತಿಗೆ,” ಎಂದೆ.

“ಅವರು ತಂದಿಲ್ಲ. ಅದು ಮೊದಲೇ ಇಲ್ಲಿತ್ತು.”

ಅವರು ಬಿಡಿಸಿ ಹೇಳಿದರು. ವಿಜಯೋತ್ಸವದ ನಂತರ ನಿಮ್ಮ ಇಲಾಖೆ ಊರಿನ ಆಸ್ಪತ್ರೆಗಳಲ್ಲಿ ಸಿಗುವ ಮಾದರಿಗಳ ತಳಿ ಪರೀಕ್ಷೆಯನ್ನೇ ನಿಲ್ಲಿಸಿತ್ತು. ವಿದೇಶದಿಂದ ಬಂದವರದನ್ನು ಮಾತ್ರ ನೋಡಿ ಎಂದು ಆದೇಶ. ಊರಿನವರ ಮಾದರಿಗಳು ಫ್ರೀಜರಿನಲ್ಲಿ ಹೆಪ್ಪುಗಟ್ಟಿ ಕೂತಿದ್ದವು. ಇವರು ಬೇಡ ಬೇಡ ಎಂದರೂ ಕೇಳಲಿಲ್ಲವಂತೆ. ಗಲಾಟೆ ಜೋರಾದ ಮೇಲೆ, ವಿಶ್ವವಿದ್ಯಾಲಯದವರೇ ಮುಂದೆ ಬಂದು ಆ ಹಳೇ ಮಾದರಿಗಳನ್ನು ಹೊರತೆಗೆದು ಓದಿದ್ದಾರೆ. ಅತ್ತಿಗೆ ಇನ್ನೂ ತಂಗಿಯ ಮಗುವಿಗೆ ಜೋಗುಳ ಹಾಡುತ್ತಿದ್ದ ಕಾಲಕ್ಕೆ ಈ ಊರಿನ ಆಸ್ಪತ್ರೆಯಲ್ಲಿ ಅದೇ ತಳಿ ಆರಾಮಾಗಿ ಓಡಾಡಿಕೊಂಡಿತ್ತು.

ನನಗೆ ಕೂಡಲೇ ಅರ್ಥವಾಗಲಿಲ್ಲ. “ಹಾಗಾದ್ರೆ ಇವಳೇ ಮೊದಲು ಅಂತ ಯಾಕೆ ಅಂದ್ರು?”

“ಮೊದಲು ಸಿಕ್ಕಿದ್ದು ಇವರು, ಅಷ್ಟೇ. ಯಾಕಂದ್ರೆ ಹುಡುಕಿದ್ದು ಇವರೊಬ್ಬರ ಮೂಗಲ್ಲಿ.”

ಆಯುಕ್ತರೇ, ನನ್ನ ಹತ್ತಿರ ಕಲಿಯಲು ಬರುವವರಿಗೆ ಮೊದಲ ದಿನವೇ ಹೇಳುತ್ತೇನೆ: ಒಂದೇ ಕನ್ನಡಿ ನೋಡಿ ಗಾಡಿ ಓಡಿಸಿದರೆ, ಅಪಘಾತವೆಲ್ಲ ಆ ಬದಿಯಿಂದಲೇ ಬಂದ ಹಾಗೆ ಕಾಣುತ್ತದೆ. ಲೈಸೆನ್ಸ್ ಇಲ್ಲದ ಮಕ್ಕಳಿಗೆ ಅರ್ಥವಾಗುವ ಈ ಮಾತು ಇಡೀ ಊರಿನ ಆರೋಗ್ಯದ ಸ್ಟಿಯರಿಂಗ್ ಹಿಡಿದ ನಿಮಗೆ ಯಾಕೆ ಅರ್ಥವಾಗಲಿಲ್ಲ? ಅರ್ಥವಾಗಿತ್ತು ಎಂದು ನನ್ನ ಗುಮಾನಿ. ‘ನಾವು ಪರೀಕ್ಷೆ ನಿಲ್ಲಿಸಿದ್ದೆವು, ಹಾಗಾಗಿ ತಳಿ ಯಾವಾಗ ಬಂತೋ ಗೊತ್ತಿಲ್ಲ’ ಎನ್ನುವುದು ಕಷ್ಟದ ವಾಕ್ಯ. ‘ಒಬ್ಬ ಹೆಂಗಸು ತಂದಳು’ ಎನ್ನುವುದು ಸಲೀಸು. ಕುಣಿಯಲಾರದವರಿಗೆ ನೆಲ ಡೊಂಕಾದರೂ ಸಾಕಾಗುತ್ತದೆ. ನಿಮಗೆ ನೆಲದ ಮೇಲೆ ನಡೆದುಹೋಗುತ್ತಿದ್ದ ಹೆಣ್ಣೊಬ್ಬಳು ಬೇಕಾದಳು.

ವರದಿ ಬಹಿರಂಗವಾಯಿತು. ಇನ್ನಾದರೂ ಒಂದು ಮಾತು ಆಡುತ್ತೀರಿ ಎಂದು ಕಾದೆವು. ನಿಮ್ಮ ಇಲಾಖೆಯ ಜಾಲತಾಣದ ತಳದಲ್ಲಿ, ಟೆಂಡರ್ ಪ್ರಕಟಣೆಗಳ ಕೆಳಗೆ, ಒಂದು ಸಾಲು ಹುಟ್ಟಿತು: ‘ತಳಿಯ ಮೂಲದ ಕುರಿತು ಈ ಹಿಂದೆ ನೀಡಲಾಗಿದ್ದ ಮಾಹಿತಿಯನ್ನು ಲಭ್ಯ ಪುರಾವೆಗಳ ಹಿನ್ನೆಲೆಯಲ್ಲಿ ಪರಿಷ್ಕರಿಸಲಾಗಿದೆ.’ ಏನು ಭಾಷೆ! ಯಾರು ನೀಡಿದ್ದರು? ‘ನೀಡಲಾಗಿತ್ತು.’ ಯಾರು ಪರಿಷ್ಕರಿಸಿದರು? ‘ಪರಿಷ್ಕರಿಸಲಾಗಿದೆ.’ ಆ ವಾಕ್ಯದಲ್ಲಿ ಒಬ್ಬ ಮನುಷ್ಯನೂ ಇಲ್ಲ. ದೂರುವಾಗ ಬೀದಿ, ಅಂಗಡಿ, ಹೆಣ್ಣು, ಎಲ್ಲ ಸ್ಪಷ್ಟವಾಗಿತ್ತು; ತಿದ್ದುವಾಗ ಕರ್ತೃವೇ ನಾಪತ್ತೆ. ಮೈಕು ಹಿಡಿದು ಊರಿಗೆಲ್ಲ ಉಗುಳಿದ್ದನ್ನು ಮೂಲೆಯಲ್ಲಿ ಕೂತು ಕರ್ಚೀಫಿನಿಂದ ಒರೆಸಿದಿರಿ.

ಆದರೆ ನಾಚಿಕೆ ಇರುವವರೂ ಈ ಊರಿನಲ್ಲಿದ್ದಾರೆ. ವರದಿ ಬಂದ ಮೇಲೆ ಒಂದು ಮಧ್ಯಾಹ್ನ ಟಿಕ್‌ಟಿಕ್ ಮಾಮನ ಮಗಳು ಬೇಕರಿಗೆ ಬಂದಳು. ಅತ್ತಿಗೆ ಆಗ ಕೆಳಗಿಳಿದು ಓಡಾಡುವಂತಾಗಿದ್ದಳು, ಒಲೆ ಮಾತ್ರ ಹಚ್ಚಿರಲಿಲ್ಲ. ಮಗಳು ಆಸ್ಪತ್ರೆಯಲ್ಲಿ ವಿಚಾರಿಸಿಕೊಂಡು ಬಂದಿದ್ದಳು. ಹೊಸ ತಳಿ ಮೊದಲು ಇದ್ದದ್ದು ಕಣ್ಣಿನ ವಾರ್ಡಿನಲ್ಲಿ, ಅವಳ ಅಪ್ಪ ಮಲಗಿದ್ದ ಅದೇ ವಾರ್ಡಿನಲ್ಲಿ.

“ಆವತ್ತು ಬಾಯಿಗೆ ಬಂದ ಹಾಗೆ ಅಂದ್ಬಿಟ್ಟೆ,” ಎಂದಳು. “ನಿನ್ನಿಂದ ಅಲ್ಲ ಅಂತ ಈಗ ಗೊತ್ತಾಯ್ತು. ನಾನೇ... ಪೊರೆ ಇನ್ನೂ ಸ್ವಲ್ಪ ದಿನ ಇರಲಿ ಬಿಡು ಅಂದಿದ್ರು ಅಪ್ಪ. ಇಲ್ಲ ಅಂತ ಹಟ ಹಿಡಿದು ಕರ್ಕೊಂಡು ಹೋದವಳು ನಾನು. ನಾನೇ ಕೊಂದೆ.”

“ಛೇ, ಏನು ಮಾತು ಅಂತ ಆಡ್ತೀಯಾ! ಕಣ್ಣು ಕಾಣಲಿ ಅಂತ ತಾನೆ ಕರ್ಕೊಂಡು ಹೋಗಿದ್ದು?” ಅತ್ತಿಗೆ ಅವಳ ಕೈ ಹಿಡಿದುಕೊಂಡಳು. “ನಿನ್ನಿಂದ ಅಲ್ಲ. ನನ್ನಿಂದಾನೇ.”

“ಇಲ್ಲ ಕಣೇ, ವರದೀಲೇ ಬಂದಿದೆ.”

“ನನ್ನ ಸಮಾಧಾನಕ್ಕೆ ಹೇಳ್ಬೇಡ. ನಾನೇ.”

“ನೀನಲ್ಲ ಅಂದ್ನಲ್ಲ, ನಾನು!”

ಇಬ್ಬರೂ ಅಳುತ್ತಾ, ಒಬ್ಬರ ಕೈ ಒಬ್ಬರು ಬಿಡದೆ, ಸಾವು ತನ್ನದು ತನ್ನದು ಎಂದು ಜಗಳ ಕಾಯುತ್ತಿದ್ದರು. ನಾನು ಬಾಗಿಲಲ್ಲಿ ನಿಂತು ನೋಡಿದೆ. ತಪ್ಪು ಯಾರದಲ್ಲವೋ ಅವರಿಬ್ಬರು ಅದನ್ನು ಎಳೆದಾಡುತ್ತಿದ್ದರು. ತಪ್ಪು ಯಾರದೋ ಅವರು ಆ ಹೊತ್ತಿಗೆ ಹೊಸ ಆರೋಗ್ಯ ಭವನದ ಟೇಪು ಕತ್ತರಿಸುತ್ತಿದ್ದರು. ಅಣ್ಣನ ಗಲ್ಲಾದ ಮೇಲಿನ ಟೀವಿಯಲ್ಲಿ ನೇರ ಪ್ರಸಾರ. ನೀವು ಬಿಟ್ಟ ಆ ಒಂದು ಮಾತು ಒಬ್ಬರಿಂದ ಒಬ್ಬರಿಗೆ ಹರಡುತ್ತಾ, ರೂಪ ಬದಲಿಸುತ್ತಾ, ಈಗ ಅಪ್ಪನನ್ನು ಕಳೆದುಕೊಂಡ ಮಗಳ ಎದೆ ಸೇರಿದೆ. ಅದಕ್ಕೆ ಯಾವ ಔಷಧಿ ಹೊಡೆಸುತ್ತೀರಿ?

ಇದು ಒಂದು ಮನೆಯ ಗೋಳು, ಊರಿಗೇನು ಎನ್ನುವವರಿದ್ದಾರೆ. ಊರಿಗೆ ಏನೆಂದು ಕೇಳಿ. ನಮ್ಮ ಬೀದಿಯಲ್ಲಿ ಈಗ ಯಾರಿಗಾದರೂ ಕೆಮ್ಮು ಬಂದರೆ ಬಾಯಿಗೆ ದಿಂಬು ಒತ್ತಿಕೊಳ್ಳುತ್ತಾರೆ. ಜ್ವರ ಬಂದ ಮಕ್ಕಳಿಗೆ ಮಾತ್ರೆ ನುಂಗಿಸಿ ಶಾಲೆಗೆ ಅಟ್ಟುತ್ತಾರೆ. ಪರೀಕ್ಷೆ ಮಾಡಿಸಿಕೋ ಎಂದರೆ, “ಬೇಕರಿಯಮ್ಮನ ಗತಿ ನೋಡಿಲ್ವಾ?” ಎನ್ನುತ್ತಾರೆ. ಪ್ರಾಮಾಣಿಕವಾಗಿ ಮೂಗು ಒಡ್ಡಿದವಳ ಮೂಗನ್ನೇ ಕೊಯ್ದ ಮೇಲೆ ಇನ್ನು ಯಾರು ಬರುತ್ತಾರೆ? ಇನ್ನೊಂದು ತಳಿ ಬರುತ್ತದೆ. ವಿಜ್ಞಾನಿಗಳು ಹಾಗೇ ಹೇಳುತ್ತಾರೆ. ಅದು ಬಂದಾಗ ನಿಮ್ಮ ಕೇಂದ್ರದ ಅರ್ಧ ಬಾಗಿಲನ್ನು ಯಾರೂ ತಟ್ಟುವುದಿಲ್ಲ. ಊರು ತುಂಬ ಹರಡಿದ ಮೇಲೆ ನಿಮಗೆ ತಿಳಿಯುತ್ತದೆ. ಕೋಟೆ ಸೂರೆಯಾದ ಮೇಲೆ ದಿಡ್ಡಿ ಬಾಗಿಲು ಹಾಕಲು ನೀವಂತೂ ನಿಸ್ಸೀಮರು. ಜೊತೆಗೆ ದಿಡ್ಡಿಯ ಪಕ್ಕ ಯಾರು ನಿಂತಿದ್ದರೆಂದು ಪತ್ರಿಕಾಗೋಷ್ಠಿಯನ್ನೂ ಕರೆಯುತ್ತೀರಿ.

ಈಗ ನನ್ನ ಬೇಡಿಕೆ. ಪರಿಹಾರದ ಹಣ ಬೇಡ. ಸನ್ಮಾನ, ಪ್ರಮಾಣಪತ್ರ, ಶಾಲು, ಯಾವುದೂ ಬೇಡ. ರಾಜೀನಾಮೆಯನ್ನೂ ಕೇಳುತ್ತಿಲ್ಲ, ನಿಮ್ಮ ಜಾಗಕ್ಕೆ ಬರುವವರೂ ನಿಮ್ಮ ಹಾಗೇ ನಗುತ್ತಾರೆ ಎಂಬಷ್ಟು ಲೋಕಾನುಭವ ನನಗಿದೆ. ನೀವೇ ನಮ್ಮ ಬೇಕರಿಗೆ ಬರಬೇಕು. ಸಹಾಯಕರನ್ನು ಕಳಿಸಬೇಡಿ, ಕ್ಯಾಮೆರಾ ತರಬೇಡಿ. ಅತ್ತಿಗೆಯ ಎದುರು ನಿಂತು, ಅವಳ ಮುಖ ನೋಡಿ, ‘ನೀನು ತಂದದ್ದಲ್ಲಮ್ಮ, ನಾನು ಹೇಳಿದ್ದು ತಪ್ಪು’ ಎಂದು ಹೇಳಬೇಕು. ‘ಹೇಳಲಾಗಿತ್ತು’ ಎಂದಲ್ಲ. ನಾನು ಹೇಳಿದ್ದು.

ನೀವೇ ಯಾಕೆ ಬರಬೇಕು ಎಂದು ಕೇಳುತ್ತೀರಾ? ಅಣ್ಣ ಹೇಳಿ ನೋಡಿದ, ಅವಳು ನಂಬಲಿಲ್ಲ. ಮಾಮನ ಮಗಳು ಹೇಳಿದಳು, ಪಾಪ ದುಃಖದಲ್ಲಿದ್ದಾಳೆ ಎಂದು ಅತ್ತಿಗೆ ತಳ್ಳಿಹಾಕಿದಳು. ವಿಜ್ಞಾನಿಯನ್ನೇ ಕಾರಿನಲ್ಲಿ ಕೂರಿಸಿಕೊಂಡು ಕರೆತಂದೆ. ಅವರು ಎಲ್ಲವನ್ನೂ ಬಿಡಿಸಿ ಹೇಳಿದರು. ಅವರನ್ನು ಕಳಿಸಿ ಬಂದು ಅತ್ತಿಗೆ ನನ್ನನ್ನು ಕೇಳಿದಳು: “ಎಲ್ಲ ಸರಿ. ಆದ್ರೆ ಅದು ನಿಜ ಆಗಿದ್ರೆ ಆಯುಕ್ತರು ಬಂದು ಹೇಳ್ತಿರಲಿಲ್ವಾ?”

ಅದಕ್ಕೇ ಈ ಪತ್ರ. ಈ ಊರಿನಲ್ಲಿ ನಿಮ್ಮ ಮಾತನ್ನು ಇನ್ನೂ ನಂಬುವವಳು ಅವಳೊಬ್ಬಳೇ ಉಳಿದಿದ್ದಾಳೆ. ಅವಳ ಆ ನಂಬಿಕೆ ಸಾಯುವ ಮೊದಲು ಬನ್ನಿ.

ಇಂತಿ,
ನಿಮ್ಮನ್ನು ಮನೆಗೆ ಕರೆಯಬೇಕಾಗಿ ಬಂದದ್ದಕ್ಕೆ ನಾಚುತ್ತಿರುವ,
ಬೇಕರಿಯವಳ ನಾದಿನಿ